ಮೂರು ದಿನಕ್ಕೆ ಸಮುದ್ರ ಸೇರುತ್ತದೆ

ಸುವಾ, ಫಿಜಿ
ಆಗಸ್ಟ್ ೧೪

ಪ್ರೀತಿಯ ಅಣ್ಣಾ,

ನಿನ್ನ ಸೊಂಟ ಹೇಗಿದೆ? ಆಕ್ಲೆಂಡಿನ ಚಳಿಗೆ ಹಿಡಿದುಕೊಂಡಿರುತ್ತದೆ ಎಂದು ಅಮ್ಮ ಊರಲ್ಲಿ ಕೂತೇ ಹೇಳುತ್ತಾಳೆ.

ಗಣಿಯ ಕೊಳೆನೀರಿನ ಕಟ್ಟೆ ಒಡೆದದ್ದು ಕೇಳಿರುತ್ತೀಯ. ಆ ಕೊಳೆ ನಮ್ಮೂರಿಗೆ ಯಾವಾಗ ಬರುತ್ತದೆ, ಯಾವಾಗ ದಾಟುತ್ತದೆ ಎಂದು ಇಲಾಖೆಯ ಪರವಾಗಿ ಹೇಳಬೇಕಾದವನು ನಾನೇ. ಹಿಂದೊಮ್ಮೆ ಹೊಳೆಗೆ ಕೆಂಪು ಬಣ್ಣ ಸುರಿದು, ದಡದಲ್ಲಿ ಗಡಿಯಾರ ಹಿಡಿದು ಕೂತು ಕಲಿತ ಲೆಕ್ಕ. ಹತ್ತೊಂಬತ್ತು ಗಂಟೆಯಲ್ಲಿ ಊರಿಗೆ ಬರುತ್ತದೆ, ಮೂರು ದಿನಕ್ಕೆ ಸಮುದ್ರ ಸೇರುತ್ತದೆ ಎಂದು ಬರೆದೆ. ಹತ್ತೊಂಬತ್ತಕ್ಕೇ ಬಂತು. ನಾಚಿಕೆಯ ಮಾತು, ಒಂದು ಕ್ಷಣ ಹೆಮ್ಮೆಯಾಯಿತು. ಆದರೆ ಬಣ್ಣ ನೀರಿನ ಜೊತೆ ಓಡುತ್ತದೆ, ತಾಮ್ರದ ಕೆಸರು ಓಡುವುದಿಲ್ಲ. ಉಬ್ಬರ ಹೊಳೆಯನ್ನು ಹಿಂದಕ್ಕೆ ತಳ್ಳುವ ನಮ್ಮೂರ ತಿರುವಿನಲ್ಲಿ, ಹೆಂಗಸರು ಮುಳುಗಿ ಕಪ್ಪೆಚಿಪ್ಪು ಹೆಕ್ಕುವ ಜಾಗದಲ್ಲೇ, ಅದು ತಳಕ್ಕೆ ಕೂರುತ್ತದೆ. ಅದು ತೊಳೆದುಹೋಗಲು ಎಂಟು ವರ್ಷವಾದರೂ ಬೇಕು. ಅದನ್ನೂ ಒಂದು ಹಾಳೆಯಲ್ಲಿ ಬರೆದಿದ್ದೆ. ನಮ್ಮ ಸಾಹೇಬರು ಆ ಹಾಳೆ ತೆಗೆದಿಟ್ಟರು. "ಜನಕ್ಕೆ ಒಂದು ಸಂಖ್ಯೆ ಸಾಕು ಕಣಯ್ಯಾ. ಎರಡು ಕೊಟ್ರೆ ಗಾಬರಿ ಬೀಳ್ತಾರೆ." ಉಳಿದ ಹಾಳೆಗಳಿಗೆ ನಾನು ಸಹಿ ಹಾಕಿದೆ.

ಅವನ್ನೇ ಹಿಡಿದು ಗಣಿಯವರು ನಾಲ್ಕನೇ ದಿನ ಊರಿಗೆ ಹೋದರು. ತಿಮಿಂಗಿಲದ ಹಲ್ಲು ನೀಡಿ, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ಕ್ಷಮೆ ಕೇಳಿದರು. ನಮ್ಮ ಪದ್ಧತಿಯನ್ನು ಯಾರಿಗೋ ಸಂಬಳ ಕೊಟ್ಟು ಕಲಿತಿದ್ದಾರೆ, ಹಾಳಾದವರು. ಊರ ಹಿರಿಯನಾಗಿ ಚಿಕ್ಕಪ್ಪ ಹಲ್ಲು ತೆಗೆದುಕೊಂಡುಬಿಟ್ಟ. ಹಲ್ಲು ತೆಗೆದುಕೊಂಡರೆ ಕ್ಷಮಿಸಿದಂತೆ, ಅಲ್ಲಿಗೆ ಜಗಳ ಹೂತಂತೆ. ಮತ್ತೆ ಅಗೆಯುವವನಿಗೆ ಊರಿಲ್ಲ. ನಾನು ಓಡಿಹೋಗಿ ಬಾಯಿ ತೆರೆದರೆ ಚಿಕ್ಕಪ್ಪ ಅಂದ: "ಮೂರು ದಿನ ಅಂದೋನು ನೀನು. ನಾವು ನಾಲ್ಕು ಕಾದ್ವಿ. ಈಗ ಸುಮ್ನೆ ಎಲ್ಲರ ಜೊತೆ ಒಂದು ಬಟ್ಟಲು ಯಂಗೋನಾ ಕುಡಿದು ಬಸ್ಸು ಹತ್ತು." ಸುತ್ತಲಿದ್ದವರು ನಕ್ಕರು. ಅಮ್ಮ ಮುಳುಗುವುದನ್ನು ನಿಲ್ಲಿಸಿಲ್ಲ. "ಹೂತಿದ್ದನ್ನ ಕೆದಕ್ಬೇಡ ಮಗಾ. ನೀರು ಎಷ್ಟು ತಿಳಿ ಇದೆ ನೋಡು" ಎಂದು ತೆಂಗಿನ ಹಾಲಿನಲ್ಲಿ ಬೇಯಿಸಿದ ಚಿಪ್ಪು ಬಡಿಸಿದಳು. ನಾನು ತಿನ್ನಲಿಲ್ಲ. ಅವಳು ನನ್ನ ಪಾಲನ್ನೂ ತಿಂದಳು. ಎದುರು ಕೂತು ನೋಡಿದೆ. ಸಾಹೇಬರ ಮೇಲಿನ ಸಿಟ್ಟು, ಗಣಿಯವರ ಮೇಲಿನ ಸಿಟ್ಟು, ಎಲ್ಲ ಆ ತಟ್ಟೆಯ ಬಳಿ ಬಂದು ನನ್ನ ಸಹಿಯ ಮೇಲೆ ನಿಂತಿತು.

ಅತ್ತಿಗೆಗೆ ನನ್ನ ನಮಸ್ಕಾರ. ಬೆಚ್ಚಗಿರಿ.

ನಿನ್ನ ತಮ್ಮ,
ಅಪೆನಿಸಾ

ಮರೆತ ಮಾತು: ಗಣಿಯವರ ಜಗಳ ಎತ್ತಲು ನನಗೆ ಹಕ್ಕಿಲ್ಲ. ಆದರೆ ನನ್ನ ತಪ್ಪನ್ನು ಇನ್ನೂ ಯಾರೂ ಹೂತಿಲ್ಲ. ಕ್ಷಮೆ ಕೇಳುವವನು ತಪ್ಪನ್ನು ಊರೆದುರು ಬಿಡಿಸಿ ಹೇಳಬೇಕು. ಮುಗಿಯುವತನಕ ಚಿಕ್ಕಪ್ಪನೂ ತಡೆಯುವಂತಿಲ್ಲ. ನಾಳೆ ಊರಿಗೆ ಹೋಗಿ, ಸಾಹೇಬರು ತೆಗೆದಿಟ್ಟ ಆ ಹಾಳೆಯ ನನ್ನ ಪ್ರತಿ ಓದುತ್ತೇನೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲವಲ್ಲ. ನಿನ್ನ ಮಗನಿಗೆ ಹೆಣ್ಣು ಕೇಳಲೆಂದು ಅಮ್ಮನ ಪೆಟ್ಟಿಗೆಯಲ್ಲಿಟ್ಟಿದ್ದ ಹಲ್ಲನ್ನು ತೆಗೆದುಕೊಂಡಿದ್ದೇನೆ. ನಿನ್ನನ್ನು ಕೇಳಲು ಹೊತ್ತಿರಲಿಲ್ಲ.