ಎಡಹುರಿಯ ಹಗ್ಗ

ವಿಲ್ಕಪಾಟ, ಪೆರು
ಜೂನ್ ೨, ೧೯೭೮

ಪ್ರೀತಿಯ ತಮ್ಮ ಸೆವೆರೊ,

ಹೇಗಿದ್ದೀಯ? ಗಣಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಹೊಟ್ಟೆ ತುಂಬ ಉಣ್ಣು. ಇಲ್ಲಿ ಆಲೂಗಡ್ಡೆ ಚೆನ್ನಾಗಿ ಬಂದಿದೆ, ಹಿಮಕ್ಕೆ ಹರವಿ ಒಣಗಿಸುತ್ತಿದ್ದೇವೆ. ನಿನಗೊಂದು ಚೀಲ ಎತ್ತಿಟ್ಟಿದ್ದೇನೆ.

ಮುಂದಿನ ವಾರ ಸೇತುವೆ ಕಟ್ಟುವ ಕೆಲಸ. ಸರ್ಕಾರ ಮೇಲ್ಗಡೆ ಕಬ್ಬಿಣದ ಸೇತುವೆ ಹಾಕಿದಾಗ ತಾತ "ಕಬ್ಬಿಣ ನಿಮ್ದು, ಹುಲ್ಲು ನಮ್ದು. ತುಕ್ಕು ಹಿಡಿದಾಗ ಬನ್ನಿ, ದಾಟಿಸ್ತೀವಿ" ಎಂದಿದ್ದನಂತೆ. ಅವನ ತಾತನಿಗೂ ಮೊದಲಿನಿಂದ ಪ್ರತಿ ಜೂನ್‌ನಲ್ಲಿ ಹಳೆಯದನ್ನು ಕಡಿದು ಹೊಳೆಗೆ ಬಿಟ್ಟು, ಮನೆಗೊಂದು ಹುಲ್ಲಿನ ಹಗ್ಗ ಸೇರಿಸಿ ಹೊಸದು ಕಟ್ಟುತ್ತಿದ್ದೇವೆ. ಕಟ್ಟಿ ಮುಗಿಯುವ ತನಕ ಹೆಂಗಸರು ಹತ್ತಿರ ಸುಳಿಯುವಂತಿಲ್ಲ, ಹೊಸೆಯುವುದಕ್ಕೆ ಮಾತ್ರ ನಮ್ಮ ಕೈ ಬೇಕು! ನನ್ನ ಎಡಗೈಯ ಹುರಿ ಎಲ್ಲರದಕ್ಕೂ ಉಲ್ಟಾ. "ನಿನ್ ಹಗ್ಗ ಬಿಚ್ಚೋಕೆ ದೆವ್ವಕ್ಕೂ ಆಗಲ್ಲ ಕಣಕ್ಕಾ" ಎಂದು ನೀನು ರೇಗಿಸುತ್ತಿದ್ದೆ.

ಸೇತುವೆ ದಾಟುವಾಗ ಹಿಡಿದುಕೊಳ್ಳುವ ಕೈಹಗ್ಗ ಹರಿದು ಫೆರ್ಮಿನ್ ಹೊಳೆಪಾಲಾಗಿ ಒಂಬತ್ತು ವರ್ಷ. ಪ್ರತಿ ವರ್ಷ ಸೇತುವೆ ಹೊಸದು, ಆದರೂ ಗಾಳಿಯಿಲ್ಲದ ಮಧ್ಯಾಹ್ನ ಯಾರೋ ನಡೆದಂತೆ ಕಿರುಗುಟ್ಟುತ್ತದೆ. ಆ ಸದ್ದು ಈ ದಂಡೆಯಿಂದ ನಡುವಿನ ತನಕ ಬಂದು ನಿಲ್ಲುತ್ತದೆ, ಆಚೆ ದಂಡೆ ಮುಟ್ಟುವುದೇ ಇಲ್ಲ. ನನಗೆ ಭಯ, ಸೆವೆರೊ. ಅವತ್ತು ಕಂಬದಲ್ಲಿ ಉಳಿದ ಕೆಂಪು ಉಣ್ಣೆಯ ಗಂಟು ನೋಡಿ ಅದು ನಮ್ಮ ಮನೆಯ ಹಗ್ಗವೆಂದು ಊರಿಗೆಲ್ಲ ತಿಳಿಯಿತು. ಆ ಹಗ್ಗವನ್ನು ಸೇತುವೆಗೆ ಹೊತ್ತು ತಂದವನು ನೀನು. ಅವನ ತಾಯಿ ಡೊಮಿಂಗಾ ಅಜ್ಜಿ "ನೆನೆಸದೆ ಒಣಹುಲ್ಲು ಹೊಸೆದು ನನ್ ಮಗನ್ನ ಕೊಂದ್ಯಲ್ಲೋ" ಎಂದು ನಿನ್ನ ಮುಖಕ್ಕೆ ಮಣ್ಣು ತೂರಿದಳು. ಅರ್ಧ ನೀನು, ಅರ್ಧ ನಾನು ಹೊಸೆದಿದ್ದೆವು. ನಿನ್ನ ಅರ್ಧವೇ ಹರಿದದ್ದು ಎಂದು ನೀನೂ ನಂಬಿದೆ. "ಅವಸರ ಮಾಡ್ಬಿಟ್ಟೆ ಅಕ್ಕಾ" ಎಂದಷ್ಟೇ ಹೇಳಿ ಊರು ಬಿಟ್ಟೆ.

ಬೆಟ್ಟದ ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಪೌಲಿನಾ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಗಂಟು ನೋಡಿದವರು ಯಾರೂ ಹುರಿ ನೋಡಲಿಲ್ಲ. ಹರಿದ ತುದಿಯನ್ನು ಕೊಯ್ದು ತಂದು ಅಟ್ಟದಲ್ಲಿ ಬಚ್ಚಿಟ್ಟೆ. ಅದು ಎಡಹುರಿ. ಆ ವರ್ಷ ಹೊಳೆನೀರು ಕೈ ಕೊರೆಯುತ್ತದೆಂದು ಹುಲ್ಲು ನೆನೆಸದೆ ಹೊಸೆದವಳು ನಾನು. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಉಂಡೆ, ಮಲಗಿದೆ. ಇವತ್ತು ಬೆಳಿಗ್ಗೆ ಆ ತುಂಡನ್ನು ಡೊಮಿಂಗಾ ಅಜ್ಜಿಯ ಮಡಿಲಿಗೆ ಹಾಕಿ ಎಲ್ಲವನ್ನೂ ಹೇಳಿಬಿಟ್ಟೆ. ಬಹಳ ಹೊತ್ತು ಹುರಿಯ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಲಿಲ್ಲ. "ನಿನ್ ತಮ್ಮನಿಗೆ ಬರೋಕೆ ಬರಿ" ಎಂದಳು, "ಅವನ ಪಾಲಿನ ಹುಲ್ಲು ನಾನು ನೆನೆಸಿಡ್ತೀನಿ."