ಮುನ್ನೂರ ಹನ್ನೆರಡನೆಯ ಪುಟ

ಡುಲೂತ್, ಸೋಮವಾರ

ಲೇಖಕಿ ಕೊರಿನ್ ವೆಸ್ಟ್‌ಗಾರ್ಡ್ ಅವರಿಗೆ,

ಮನುಕುಲದ ಚರಿತ್ರೆಯಲ್ಲಿ ದಾಖಲಾಗಲಿ: ನಿಮ್ಮ ಅಂತರಿಕ್ಷ ಕಾದಂಬರಿಯ ಎರಡನೆಯ ಭಾಗವನ್ನು ನಾನು ನಿನ್ನೆ ಕೊನೆಯವರೆಗೂ ಓದಿ ಮುಗಿಸಿದೆ. ಬೇರೆ ಯಾರೂ ಈ ಸಾಹಸ ಮಾಡಿದ ಸುದ್ದಿಯಿಲ್ಲ.

ಮೊದಲ ಭಾಗದಲ್ಲಿ ಮೂರು ಚುಕ್ಕಿಯ ಗುರುತು, ಜೊತೆಯವರನ್ನು ಎಂದೂ ಕೈಬಿಡದವರದಾಗಿತ್ತು. ಅದನ್ನು ನಂಬಿ, ನನ್ನ ಹದಿನೆಂಟನೆಯ ಹುಟ್ಟುಹಬ್ಬದಂದು ನಾನೂ ಅಜ್ಜಿಯೂ ಮುಂಗೈಗೆ ಅದೇ ಹಚ್ಚೆ ಹಾಕಿಸಿಕೊಂಡೆವು. ಈಗ ಮುನ್ನೂರ ಹನ್ನೆರಡನೆಯ ಪುಟದಲ್ಲಿ, ಅದು ಮಕ್ಕಳನ್ನು ಶತ್ರುಗಳಿಗೆ ಒಪ್ಪಿಸಿದವರ ಗುರುತು ಎಂದುಬಿಟ್ಟಿದ್ದೀರಿ. ಆಮೇಲೆ ನೀವೇ ಅದನ್ನು ಮರೆತೂ ಬಿಟ್ಟಿದ್ದೀರಿ, ಮುಂದಿನ ಪುಟಗಳಲ್ಲೆಲ್ಲೂ ಅದರ ಮಾತೇ ಇಲ್ಲ. "ಏನಮ್ಮಾ ದ್ರೋಹಿ, ಉಪ್ಪು ಈ ಕಡೆ ಕೊಡ್ತೀಯಾ?" ಅಂತಾಳೆ ನನ್ನಕ್ಕ ಸಿಗ್ರಿಡ್.

ಅಜ್ಜಿಗೆ ಇನ್ನೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಭೂತಗನ್ನಡಿ ಹಿಡಿದು ದಿನಕ್ಕೆ ಹತ್ತು ಪುಟ ಓದುತ್ತಾಳೆ. ಇನ್ನೂರ ಅರವತ್ತೆರಡಕ್ಕೆ ಬಂದಿದ್ದಾಳೆ. "ಈ ಗುರುತಿನ ಜೊತೆಗೇ ಮಣ್ಣಿಗೆ ಹೋಗ್ತೀನಿ ಕಣೇ" ಅಂತಾಳೆ. ವೈದ್ಯರೂ ಒಪ್ಪಿದ್ದಾರೆ, ಈ ತಿಂಗಳೇ ಅಂತ.

ಆದ್ದರಿಂದ ಆ ಗುರುತಿಗೆ ಕಳಂಕವಿಲ್ಲದ ಹೊಸ ಮುನ್ನೂರ ಹನ್ನೆರಡನೆಯ ಪುಟವೊಂದನ್ನು ಅದೇ ಅಕ್ಷರದಲ್ಲಿ ಮುದ್ರಿಸಿ, ಶುಕ್ರವಾರದೊಳಗೆ ಕಳುಹಿಸಿ. ಅಂಟಿಸುವುದು ನನ್ನ ಕೆಲಸ. ದಯವಿಟ್ಟು ಚೆನ್ನಾಗಿ ಬರೆಯಬೇಡಿ, ಅಜ್ಜಿಗೆ ಅನುಮಾನ ಬರುತ್ತದೆ.

ಇಂತಿ,
ಬ್ರಿಟಾ ಲಿಂಡ್‌ಕ್ವಿಸ್ಟ್