ನಿದ್ದೆಯಲ್ಲಿ ಗುನುಗಿದ ಕಿವಿ

ಕೋಲಾರ, ಮಂಗಳವಾರ

ಅಪ್ಪಾ,

ಫೋನಿನಲ್ಲಿ ಹೇಳಿದರೆ ನಿಮಗೆ ಕೇಳಿಸದು, ಅದಕ್ಕೇ ಈ ಕಾರ್ಡು. ನಿಮ್ಮ ಉಳಿ ಸದ್ದಿಗೂ ಬೆಚ್ಚದೆ ಮಲಗುವ ಮಗುವಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ಹೆದರಿದ್ದೆವಲ್ಲ, ಇವತ್ತು ಪರೀಕ್ಷೆಯಾಯಿತು.

ಆಸ್ಪತ್ರೆಯ ಪರೀಕ್ಷೆ ಕೋಣೆಯ ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ. ಒಳಗೆ ಕೂತರೆ ನೀರಿನಡಿ ಕೂತ ಹಾಗೆ. ಮಗು ಮಲಗಿರಬೇಕಂತೆ, ಆದರೆ ನಮ್ಮ ಪುಟ್ಟಿ ಕಣ್ಣರಳಿಸಿಕೊಂಡು ಆ ಮೌನವನ್ನೇ ನೋಡುತ್ತಿದ್ದಳು. ಕೊನೆಗೆ ನಾನು ಕುರ್ಚಿಯ ಕಬ್ಬಿಣಕ್ಕೆ ಬಳೆ ಕುಟ್ಟಿದೆ, ನೀವು ಕಲ್ಲು ಕೆತ್ತುವ ಲಯದಲ್ಲೇ. ತಟ್ಟನೆ ರೆಪ್ಪೆ ಮುಚ್ಚಿ ನಿದ್ದೆಹೋದಳು! ಪರೀಕ್ಷೆ ಮಾಡುವ ಸಿದ್ರಾ ಮೇಡಂ ನಕ್ಕುಬಿಟ್ಟರು. “ಅರ್ಧ ಉತ್ತರ ಇಲ್ಲೇ ಸಿಕ್ತಲ್ಲಮ್ಮ. ಇನ್ನರ್ಧ ಕಿವಿನೇ ಹೇಳುತ್ತೆ, ಇರಿ.”

ಕಿವಿಗೆ ಪುಟ್ಟ ಬಿರಡೆ ಇಟ್ಟು ಚಿಟಿಕೆಯಂಥ ಸದ್ದು ಬಿಟ್ಟರು. ನೀವು ಕಲ್ಲನ್ನು ತಟ್ಟಿ ಅದರ ನಾದ ಆಲಿಸುತ್ತಿದ್ದಿರಲ್ಲ, ಹಾಗೆಯೇ. ಒಳಗಿನಿಂದ ಕಿವಿಯೇ ಮರುದನಿ ಕೊಟ್ಟಿತು. ನಮಗೆ ಕೇಳಿಸದಷ್ಟು ಸಣ್ಣದು, ಪರದೆಯ ಮೇಲೆ ಅಲೆಯಾಗಿ ಕಂಡಿತು. ಇನ್ನೊಂದು ಕಿವಿಗೆ ಸೋನೆಮಳೆಯಂಥ ಸದ್ದು ಬಿಟ್ಟಾಗ ಈ ಅಲೆ ಮೆಲ್ಲಗೆ ತಗ್ಗಿತು, ನಿದ್ದೆಯಲ್ಲೇ ಯಾರೋ ಹೊದಿಕೆ ಎಳೆದುಕೊಂಡ ಹಾಗೆ. ಹಾಗೆ ತಗ್ಗಬೇಕಂತೆ. ಎರಡೂ ಕಿವಿ ಚೆನ್ನಾಗಿವೆ ಅಪ್ಪಾ.

ನಮ್ಮನ್ನು ಇಲ್ಲೇ ತಡೆದಿದ್ದ ನನ್ನ ಜ್ವರವೂ ಬಿಟ್ಟಿದೆ. ಭಾನುವಾರ ಮಾಲೂರಿನ ಬಸ್ಸು ಹಿಡಿದು ನಿಮ್ಮಲ್ಲಿಗೆ ಬರುತ್ತೇವೆ. ಉಳಿ ಸದ್ದಿಗೆ ಮಗುವಿನ ಕಿವಿಯೂ ನಿಮ್ಮದರಂತೆ ಮಂದವಾದೀತೆಂದು ನೀವು ಉಳಿ ಕೆಳಗಿಟ್ಟು ಕೂತಿದ್ದೀರೆಂದು ಅಮ್ಮ ಹೇಳಿದಳು. ಬೇಕಾದರೆ ಸ್ವಲ್ಪ ದೂರ, ಹುಣಸೆ ಮರದಡಿ ಕೂತು ಕೆತ್ತಿ. ಆದರೆ ಕೆತ್ತಿ.

ಇವಳಿಗೆ ನಿದ್ದೆ ಬರಬೇಕಲ್ಲ.

ಅವಸರದಲ್ಲಿ,
ವಾಣಿ